ಎಂಜಲು ಹೊಗೆ

ನಮ್ಮ ಕಡೆ ಒಬ್ಬರು ಕಚ್ಚಿ ಕುಡಿದ ಲೋಟವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಅದನ್ನು ತೊಳೆದು, ತಿಕ್ಕಿ, ಮತ್ತೆ ತೊಳೆಯಬೇಕು. ಬಸ್ಸಿನಲ್ಲಿ ನೀರಿನ ಬಾಟಲಿ ಕೊಡುವಾಗಲೂ 'ಎತ್ತಿ ಕುಡೀರಿ' ಎಂದು ಹೇಳಿಯೇ ಕೊಡುತ್ತೇವೆ. ಎಂಜಲೆಂದರೆ ನಮಗೆ ಅಷ್ಟು ಅಸಹ್ಯ. ಆದರೆ ಅದೇ ಬಸ್ಸಿನಲ್ಲಿ ಮುಂದಿನ ಸೀಟಿನವನು ಕಿಟಕಿಗೆ ಮೊಣಕೈ ಇಟ್ಟು ಬೀಡಿ ಎಳೆಯುತ್ತಾನೆ. ಆ ಹೊಗೆ ಅವನ ಗಂಟಲಿಗಿಳಿದು, ಕಫದಲ್ಲಿ ಸುತ್ತಾಡಿ, ಹುಳುಕು ಹಲ್ಲಿನ ಸಂದಿಯಿಂದ ಹೊರಬಂದು ನಮ್ಮ ಮುಖಕ್ಕೆ ಬಡಿಯುತ್ತದೆ. ನಾವು ಅದನ್ನು ಸುಮ್ಮನೆ ಒಳಗೆ ತೆಗೆದುಕೊಳ್ಳುತ್ತೇವೆ. ಅದೂ ಎಂಜಲು ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ನಾನು ಹೇಳುತ್ತಿದ್ದೇನೆ, ಅದು ಎಂಜಲೇ. ಲೋಟವನ್ನಾದರೂ ತೊಳೆಯಬಹುದು, ಎದೆಯನ್ನು ತೊಳೆಯಲು ಬರುವುದಿಲ್ಲ.

ನನ್ನ ಹೆಸರು ಮಂಜುಳ. ಹುಟ್ಟಿದ್ದು ಯಳಂದೂರು ತಾಲ್ಲೂಕಿನ ಅಗರದಲ್ಲಿ, ಕೊಟ್ಟಿದ್ದು ಹನೂರು ತಾಲ್ಲೂಕಿನ ಶಾಗ್ಯಕ್ಕೆ, ಬಾಳುತ್ತಿರುವುದು ಕೊಳ್ಳೇಗಾಲದಲ್ಲಿ. ರವಿಕೆ ಹೊಲಿಯುವುದು ನನ್ನ ಕೆಲಸ. ನನ್ನ ಶ್ವಾಸಕೋಶ ಒಂದಷ್ಟು ಹಾಳಾಗಿದೆ. ಹಾಳಾದದ್ದು ಮತ್ತೆ ಸರಿಹೋಗುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು. ಬೆಳಗ್ಗೆ ಸಂಜೆ ಇನ್ಹೇಲರ್ ಎಳೆದುಕೊಂಡು, ಬಾಯಿ ಮುಕ್ಕಳಿಸಿ ಕೆಲಸಕ್ಕೆ ಕೂರುತ್ತೇನೆ. ಮೆಟ್ಟಿಲಿದ್ದರೆ ನಿಂತು ನಿಂತು ಹತ್ತುತ್ತೇನೆ. ಬೀಡಿಯನ್ನು ಒಮ್ಮೆಯೂ ತುಟಿಗೆ ಇಟ್ಟವಳಲ್ಲ. ಈ ಮಾತನ್ನು ಹೇಳಿ ಹೇಳಿ ನನಗೇ ವಾಕರಿಕೆ ಬಂದಿದೆ. ನನ್ನ ಹಾಗೆ ಮಂದಿಯ ಹೊಗೆಗೆ ಎದೆ ಕೊಟ್ಟು, ಮೇಲೆ ಅಪವಾದವನ್ನೂ ಹೊತ್ತ ಹೆಂಗಸರು ಇನ್ನೂ ಇದ್ದಾರೆಂದು ಆಸ್ಪತ್ರೆಯ ಬೆಂಚುಗಳಲ್ಲಿ ಕೂತಾಗ ತಿಳಿಯಿತು. ಅವರಿಗಾಗಿ ಬರೆಯುತ್ತಿದ್ದೇನೆ. ಈಗ ನಮ್ಮ ಮನೆಯೊಳಗೆ ಹೊಗೆ ಇಲ್ಲ. ಅದು ನಿಂತದ್ದು ಡಾಕ್ಟರ ಮಾತಿಂದಲ್ಲ, ನನ್ನ ಕೆಮ್ಮಿಗೆ ಮರುಗಿಯೂ ಅಲ್ಲ.

ಕಾಯಿಲೆ ಶುರುವಾದಾಗ ನನ್ನ ಅಂಗಡಿ ಟೆಂಪೋಗಳು ನಿಲ್ಲುವ ಜಾಗಕ್ಕೆ ಎದುರಾಗಿತ್ತು. ನಮ್ಮ ಯಜಮಾನರು ಶಿವಣ್ಣ ಕೊಳ್ಳೇಗಾಲದಿಂದ ಹನೂರಿಗೆ ಜನ ಸಾಗಿಸುವ ಟೆಂಪೋ ಓಡಿಸುತ್ತಾರೆ. ಗಾಡಿ ತುಂಬುವ ತನಕ ಹೊರಡುವುದಿಲ್ಲ, ಆದರೆ ಇಂಜಿನ್ ಮಾತ್ರ ನಿಲ್ಲಿಸುವುದಿಲ್ಲ. ಒಂದು ಮಾರು ಮುಂದಕ್ಕೆ, ಒಂದು ಮಾರು ಹಿಂದಕ್ಕೆ, ಗುಡುಗುಡು ಎನ್ನುತ್ತಾ ಅಲ್ಲೇ ಹೊರಳುತ್ತಿರುತ್ತದೆ. ಅದರ ಹಿಂದಿನದೂ ಹಾಗೆ, ಅದರ ಹಿಂದಿನದೂ ಹಾಗೆ. ಹೊಗೆಯೆಲ್ಲ ನೇರ ನನ್ನ ಅಂಗಡಿಗೆ.

"ನಿಂತಿರೋ ಗಾಡಿಗೆ ಯಾಕ್ರೀ ಇಂಜಿನ್ನು?" ಎಂದು ಕೇಳಿದ್ದೆ.

"ಆಫ್ ಮಾಡುದ್ರೆ ಒಬ್ನೂ ಗಾಡಿ ಅತ್ತಲ್ಲ ಕಣಮ್ಮಿ. ಗುಡುಗುಡು ಅಂತಿದ್ರೆ ಈಗ್ಲೇ ಓಯ್ತದೆ ಅನ್ಕಂಡು ಓಡ್ಬತ್ತರೆ" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ನಾನು ಹೊಲಿಗೆ ಯಂತ್ರದ ಹಿಂದೆ ಕೂತು ದಿನವೂ ನೋಡುತ್ತಿದ್ದೆ. ಜನ ಸೆರಗು, ಟವೆಲ್ಲು, ಕರವಸ್ತ್ರ ಮೂಗಿಗೆ ಒತ್ತಿಕೊಂಡು, 'ಥೂ, ಏನ್ ಒಗೆನಪ್ಪಾ' ಎಂದು ಬೈಯುತ್ತಲೇ ಬಂದು, ಯಾವ ಗಾಡಿ ಹೆಚ್ಚು ಹೊಗೆ ಉಗುಳುತ್ತಿದೆಯೋ ಅದನ್ನೇ ಹತ್ತುತ್ತಿದ್ದರು. ಇಂಜಿನ್ ನಿಲ್ಲಿಸಿದ ಗಾಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬೆಳಗ್ಗೆ ಬಿಳಿ ಲೈನಿಂಗ್ ಬಟ್ಟೆ ತೂಗುಹಾಕಿದರೆ ಸಂಜೆಗೆ ಅದು ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ಮೂಗು ಸೀಟಿದರೆ ಕರವಸ್ತ್ರ ಕಪ್ಪು. ರೇಷ್ಮೆ ರವಿಕೆ ಒಯ್ಯಲು ಬಂದ ಹೆಂಗಸರು ಮೂಸಿ ನೋಡಿ, "ಇದೇನ್ರಿ, ಡೀಸೆಲ್ ವಾಸ್ನೆ?" ಎಂದು ನನ್ನನ್ನೇ ಗದರುತ್ತಿದ್ದರು. ಬಟ್ಟೆಗೆ ಹಿಡಿದದ್ದು ಅವರ ಕಣ್ಣಿಗೆ ಬೀಳುತ್ತಿತ್ತು. ಅದೇ ಗಾಳಿಯಲ್ಲಿ ಇಡೀ ದಿನ ಕೂತವಳ ಎದೆಗೆ ಏನು ಹಿಡಿದಿರಬಹುದೆಂದು ಒಬ್ಬರೂ ಕೇಳಲಿಲ್ಲ.

ಸಂಜೆ ಮನೆಗೆ ಬಂದರೆ ಇನ್ನೊಂದು ಹೊಗೆ. ನಮ್ಮ ಯಜಮಾನರು ಮನೆಯೊಳಗೆ ಬೀಡಿ ಸೇದುವವರಲ್ಲ, ಹಾಗೆಂದು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಆದರೆ ಬೆನ್ನು ಬೀದಿಗೆ, ಮುಖ ಮನೆಗೆ, ಯಾಕೆಂದರೆ ಟಿವಿ ಒಳಗಿದೆ. ಕುಂಡೆ ಹೊರಗೆ, ಬಾಯಿ ಒಳಗೆ. ಎಳೆದದ್ದೆಲ್ಲ ಬಾಗಿಲಲ್ಲಿ ತೂರಿ ನಮ್ಮ ಒಂದೇ ಕೋಣೆಯಲ್ಲಿ ಮಡುಗಟ್ಟುತ್ತಿತ್ತು. ಸೊಳ್ಳೆ ಬರುತ್ತದೆಂದು ಕಿಟಕಿ ಮುಚ್ಚಿರುತ್ತಿತ್ತು. ದಿಂಬು, ಹೊದಿಕೆ, ಮಗಳ ಸ್ಕೂಲ್ ಯೂನಿಫಾರ್ಮು, ದೇವರ ಗೂಡಿನ ಪರದೆ, ಎಲ್ಲದರಲ್ಲೂ ಅದೇ ಕಮಟು. ಮದುವೆಯಾದ ಹೊಸದರಲ್ಲಿ ಹೊಟ್ಟೆ ತೊಳೆಸುತ್ತಿತ್ತು, ಅತ್ತೆ ಅದನ್ನು ಬಸುರಿ ಲಕ್ಷಣವೆಂದು ಎಣಿಸಿದ್ದರು. ಆಮೇಲೆ ಮೂಗು ಸತ್ತುಹೋಯಿತು.

ಮೊದಲು ಬಂದದ್ದು ಕೆಮ್ಮು. ಮಾತ್ರೆ ಅಂಗಡಿಯಲ್ಲಿ ಸಿರಪ್ ತಂದು ಕುಡಿದೆ, ಮನೆಯಲ್ಲಿ ಮೆಣಸು ಜೀರಿಗೆ ಕಷಾಯ ಕಾಯಿಸಿದೆ. ಡಾಕ್ಟರೊಬ್ಬರು ಧೂಳಿನ ಅಲರ್ಜಿ ಎಂದರು. ನಮ್ಮ ಯಜಮಾನರ ಜೊತೆಯ ಡ್ರೈವರೊಬ್ಬ, "ಒಂದ್ ದಮ್ ಎಳೀಲಿ ಬುಡಣ್ಣ, ಕಫವೆಲ್ಲ ಕಿತ್ಕಂಡು ಬತ್ತದೆ" ಎಂದು ನಕ್ಕ. ಇವರೂ ನಕ್ಕರು. ಆಮೇಲೆ ಒಂದು ಮಧ್ಯಾಹ್ನ ರವಿಕೆಗೆ ಹುಕ್ಕು ಹಾಕುತ್ತಾ ಕೂತಿದ್ದವಳಿಗೆ ಉಸಿರು ಒಳಗೆ ಬರಲೇ ಇಲ್ಲ. ಬಾಯಿ ತೆರೆದರೂ ಬರಲಿಲ್ಲ. ಸೂಜಿ ಕೈಯಿಂದ ಬಿತ್ತು. ಎದುರಿಗೆ ಅಷ್ಟೊಂದು ಆಕಾಶ, ಅದರಲ್ಲಿ ನನ್ನ ಪಾಲಿಗೆ ಒಂದು ಗುಟುಕು ಗಾಳಿ ಇಲ್ಲ. ಸತ್ತೇ ಎಂದುಕೊಂಡೆ. ಪಕ್ಕದ ಬಳೆ ಅಂಗಡಿಯಾಕೆ ನನ್ನನ್ನು ಹಿಂಬಾಗಿಲಿಂದ ಆಚೆ ಎಳೆದು, ಬೇವಿನ ಮರದಡಿ ಕೂರಿಸಿ ರಟ್ಟಿನಿಂದ ಬೀಸಿದರು. ಅವರ ಋಣ ದೊಡ್ಡದು. ಆಮೇಲೆ ಕೊಳ್ಳೇಗಾಲದ ಡಾಕ್ಟರು ಮೈಸೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಮೈಸೂರಿನ ಆ ಆಸ್ಪತ್ರೆಯ ಎದೆ ವಿಭಾಗದ ಮುಂದೆ ಕೂತದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಗೇಟಿನಲ್ಲಿ ಧೂಮಪಾನ ನಿಷೇಧದ ಬೋರ್ಡು, ಬೋರ್ಡಿನ ಕಂಬಕ್ಕೆ ಒರಗಿ ಸಿಗರೇಟು ಸೇದುವವರ ಸಾಲು. ರೋಗಿ ಇಳಿಸಿದ ಕಾರುಗಳು ಏಸಿ ಹಾಕಿಕೊಂಡು ಅಲ್ಲೇ ಇಂಜಿನ್ ಉರಿಸುತ್ತಾ ನಿಂತಿದ್ದವು. ನನ್ನ ಪಕ್ಕದಲ್ಲಿ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡ ಮುದುಕರೊಬ್ಬರು ಕೂತಿದ್ದರು. ಅವರ ಮಗ ಗಳಿಗೆಗೊಮ್ಮೆ ಎದ್ದು ಹೊರಗೆ ಹೋಗಿ, ಸೇದಿ, ನಾರುತ್ತಾ ಬಂದು ಅಪ್ಪನಿಗೆ ಅಂಟಿಕೊಂಡು ಕೂರುತ್ತಿದ್ದ. ಮುದುಕರು ಪ್ರತಿ ಸಲವೂ ಮುಖ ಆಚೆ ತಿರುಗಿಸುತ್ತಿದ್ದರು. ಮಗನಿಗೆ ಅದು ಅರ್ಥವಾಗಲಿಲ್ಲ. "ಯಾಕಪ್ಪ, ಕುತ್ಗೆ ನೋಯ್ತದಾ?" ಎಂದು ಪ್ರೀತಿಯಿಂದ ಕುತ್ತಿಗೆ ನೀವಿದ.

ನನ್ನ ಇನ್ನೊಂದು ಪಕ್ಕಕ್ಕೆ ಹೂಗ್ಯಂ ಕಡೆಯ ಅಜ್ಜಿಯೊಬ್ಬರಿದ್ದರು. ಮಾತಿನಲ್ಲಿ ಅರ್ಧ ತಮಿಳು. ನಾನು, "ನಿಮ್ದು ಕಾಡಂಚು. ಗಾಳಿ ಚೆಂದಾಗಿರ್ತದಲ್ಲ ಅಜ್ಜಿ, ನಿಮ್ಗ್ಯಾಕೆ ಬಂತು ಇದು?" ಎಂದೆ.

"ಗಾಳಿ ಚೆಂದಾಗೇ ಅದೆ ತಾಯಿ" ಎಂದರು ಅಜ್ಜಿ. "ಆದ್ರೆ ನನ್ ಗಂಡನೂ ಅಲ್ಲೇ ಇದ್ನಲ್ಲ."

ಇಬ್ಬರೂ ನಕ್ಕೆವು. ನಕ್ಕದ್ದಕ್ಕೆ ಇಬ್ಬರಿಗೂ ಕೆಮ್ಮು ಹತ್ತಿಕೊಂಡಿತು. ಅಜ್ಜಿ ಸೀರೆಯ ಗಂಟಿನಿಂದ ಕಲ್ಲುಸಕ್ಕರೆ ತೆಗೆದು ನನಗೊಂದು ಚೂರು ಕೊಟ್ಟು, "ಊದುಸ್ತರೆ ಒಳ್ಗೆ. ಎದ್ರುಕೊಬೇಡ. ಒಲೆ ಊದ್ದಂಗೆ ಊದ್ಬುಡು" ಎಂದು ಧೈರ್ಯ ಹೇಳಿದರು. ಆ ದಿನ ಯಾರಾದರೂ ನನ್ನ ಮನಸ್ಸಿಗೆ ಸಮಾಧಾನ ಕೊಟ್ಟಿದ್ದರೆ ಆ ಅಜ್ಜಿ ಒಬ್ಬರೇ.

ಒಳಗೆ ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟು, 'ಊದಿ, ಊದಿ, ನಿಲ್ಲಿಸ್ಬೇಡಿ, ಇನ್ನೂ ಊದಿ' ಎಂದರು. ನಾನು ಇದ್ದಬದ್ದ ಉಸಿರನ್ನೆಲ್ಲ ಊದಿದೆ. ಅದು ಸಾಲಲಿಲ್ಲ. ಎದೆ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಕಾಗದ ನೋಡಿ, ನನ್ನನ್ನು ನೋಡಿ, "ಬೀಡಿ ಸಿಗರೇಟು ಅಭ್ಯಾಸ ಇದೆಯಾಮ್ಮ?" ಎಂದು ಕೇಳಿದರು.

ನಾನು ಇಲ್ಲವೆನ್ನುವ ಮೊದಲೇ, ಜೊತೆಗೆ ಬಂದು ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಏನ್ ಮಾತಾಡ್ತಿದ್ದೀರಿ ಮೇಡಂ? ಮರ್ವಾದಸ್ತರ ಮನೆ ಎಂಗಸ್ರು ನಮ್ಮೋರು" ಎಂದು ಹೇಳಿ ಬಾಗಿಲು ಬಡಿದುಕೊಂಡು ಹೊರಟೇ ಹೋದರು. ಅವರ ಮುಖ ಸಿಟ್ಟಿನಿಂದ ಕೆಂಪಾಗಿತ್ತು. ನನ್ನ ಪರವಾಗಿ ಅವರು ಅಷ್ಟು ಸಿಟ್ಟಾದದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಹಾಗಾಗಿ ಡಾಕ್ಟರ ಎರಡನೆಯ ಪ್ರಶ್ನೆ ಅವರಿಗೆ ಕೇಳಿಸಲಿಲ್ಲ. "ಹಾಗಾದ್ರೆ ಮನೇಲಿ ಯಾರು ಸೇದ್ತಾರೆ?" ಎಂದರು ಡಾಕ್ಟರು. ನಾನು ಬಾಗಿಲ ಕಡೆ ನೋಡಿದೆ. ಡಾಕ್ಟರು ಅರ್ಥವಾಯಿತೆಂದು ತಲೆಯಾಡಿಸಿದರು. ಅಂಗಡಿ ಎಲ್ಲಿ ಎಂದು ಕೇಳಿ, ಅಲ್ಲಿಂದ ಎದ್ದುಬಿಡಿ ಎಂದರು. ಮನೆಯಲ್ಲಿ, ಬಾಗಿಲಲ್ಲಿ, ಮೆಟ್ಟಿಲಲ್ಲಿ, ಎಲ್ಲೂ ಹೊಗೆ ಕೂಡದೆಂದರು. "ಹೀಗೇ ಮುಂದುವರಿದರೆ ಮನೇಲೇ ಆಕ್ಸಿಜನ್ ಇಟ್ಕೊಂಡು ಮಲಗೋ ದಿನ ಬರುತ್ತೆ. ನಿಮ್ಮ ಮನೆಯವರನ್ನ ಕರೀರಿ, ನಾನೇ ಹೇಳ್ತೀನಿ" ಎಂದರು. ಕರೆದರೆ ಇವರು ಬರಲಿಲ್ಲ. ಅಂಥ ಮಾತಾಡಿದವಳ ಎದುರು ತಾನು ನಿಲ್ಲುವುದಿಲ್ಲವೆಂದರು.

ಬಸ್ಸಿನಲ್ಲಿ ವಾಪಸು ಬರುವಾಗ ನಾನೇ ಹೇಳಿದೆ. "ನಿಮ್ ಬೀಡಿ ಹೊಗೆಗೆ ಬಂದದೆ ಅಂದ್ರು ಕಣ್ರೀ."

"ನಾನ್ ಆಚೆಲ್ವಾ ಸೇದದು?" ಎಂದು ಅವರು ಅಷ್ಟಕ್ಕೇ ಮುಗಿಸಿ, ಕಂಡಕ್ಟರಿಗೆ ದೂರು ಹೇಳಲು ಎದ್ದುಹೋದರು. "ನೋಡಿ ಸಾ, ನಮ್ ಎಂಡ್ರನ್ನ ಬೀಡಿ ಸೇದ್ತೀಯಾ ಅಂತ ಕೇಳ್ತಳೆ ಆ ಡಾಕ್ಟ್ರಮ್ಮ." ಕಂಡಕ್ಟರು ಒಮ್ಮೆ ತಿರುಗಿ ನನ್ನನ್ನು ನೋಡಿದ. ಅಲ್ಲಿಂದ ಶುರುವಾಯಿತು. ಟೀ ಅಂಗಡಿಯಲ್ಲಿ ಹೇಳಿದರು, ಡ್ರೈವರುಗಳಿಗೆ ಹೇಳಿದರು, ಹನೂರಿನಲ್ಲಿ ಗಾಡಿ ತುಂಬುವ ತನಕ ಹೇಳಿದರು, ಗಾಡಿಯೊಳಗಿದ್ದವರಿಗೂ ಹೇಳಿದರು. ನನ್ನ ಮಾನ ಕಾಯಲು ಹೊರಟ ಮನುಷ್ಯ ಅದನ್ನು ಊರೂರಿಗೆ ಹಂಚಿ ಬಂದರು. ಮೊದಲು ಯಾರಿಗೂ ಇಲ್ಲದ ಅನುಮಾನ ಆಮೇಲೆ ಎಲ್ಲರಿಗೂ ಹುಟ್ಟಿತು. ದೊಡ್ಡಾಸ್ಪತ್ರೆ ಡಾಕ್ಟರು ಸುಮ್ಮನೆ ಕೇಳುತ್ತಾರೆಯೇ? ಮಿಷನ್ನಿನಲ್ಲಿ ಊದಿಸಿ ನೋಡಿ ತಾನೇ ಕೇಳಿದ್ದು? ಅಗರದ ನಮ್ಮ ಅಜ್ಜಿ ಗದ್ದೆ ಕೆಲಸದ ನಡುವೆ ಬೀಡಿ ಎಳೆಯುತ್ತಿದ್ದದ್ದನ್ನು ಯಾರೋ ನೆನೆಸಿಕೊಂಡರು. ಅಜ್ಜಿ ಬುದ್ಧಿ ಮೊಮ್ಮಗಳಿಗೆ ಬಂದಿದೆ ಎಂದಾಯಿತು. ಅಂಗಡಿಯಲ್ಲಿ ನಾನು ಬಾಗಿಲೆಳೆದು ಊಟಕ್ಕೆ ಕೂತರೂ ಜನ ಮೂಗರಳಿಸಿ ನೋಡುತ್ತಿದ್ದರು. ಮೂರು ಟೆಂಪೋಗಳ ಹೊಗೆಯ ನಡುವೆ ನಿಂತು, ನನ್ನ ಬಾಯಿಂದ ಏನಾದರೂ ವಾಸನೆ ಬರುತ್ತಿದೆಯೇ ಎಂದು ಮೂಸುವ ಆ ಮೂಗುಗಳನ್ನು ಕಂಡರೆ ನನಗೆ ಉಗಿಯಬೇಕೆನಿಸುತ್ತಿತ್ತು.

ಇವರು ಮಾತ್ರ ಸಂಜೆಗೆ ಮೆಟ್ಟಿಲಲ್ಲಿ ಕೂತು, ಬೀಡಿ ಹಚ್ಚಿ, ಒಳಗೆ ಮುಖ ಮಾಡಿ ಕೇಳುತ್ತಿದ್ದರು, "ಮಾತ್ರೆ ತಕಂಡ್ಯಾ ಮಂಜಿ?"

ಅಷ್ಟರಲ್ಲಿ ಶಾಗ್ಯದಲ್ಲಿ ಅತ್ತಿಗೆ, ಎಂದರೆ ನಮ್ಮವರ ಅಕ್ಕ ಸಾಕಮ್ಮ, ಮಾದಪ್ಪನ ಹೆಸರಲ್ಲಿ ಪರ ಇಟ್ಟುಕೊಂಡರು. ಪರವೆಂದರೆ ಹರಕೆಯ ಊಟ, ದೇವರಿಗೆ ಎಡೆ ಇಟ್ಟು ಬಂಧುಬಳಗಕ್ಕೆ ಬಡಿಸುವುದು. ಹೊಲದಂಚಿನಲ್ಲಿ ಮನೆತನದ ಸಣ್ಣ ಗುಡಿ, ಅದರ ಮುಂದೆ ಕಲ್ಲೊಲೆ. ನಾನು ಹಿಂದಿನ ಪರಗಳಲ್ಲಿ ಮಾಡಿದಂತೆ ಸ್ನಾನ ಮಾಡಿ, ಎಡೆಗೆ ಅಕ್ಕಿ ತೊಳೆಯಲು ಬೋಸಿಗೆ ಕೈಹಾಕಿದೆ. ಅತ್ತಿಗೆ ಬೋಸಿಯನ್ನು ಎಳೆದುಕೊಂಡರು.

"ನೀನ್ ಬುಡಮ್ಮಿ. ಬೀಡಿ ಸೇದೋ ಎಂಗ್ಸು ಎಡೆ ಮುಟ್ಬಾರ್ದು. ಮಾದಪ್ಪ ಸುಮ್ಕಿರಕಿಲ್ಲ."

ನನ್ನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಲೆಯೆತ್ತಿ ನೋಡಿದೆ. ಎಡೆಯ ಒಲೆಗೆ ಸೌದೆ ಒಡ್ಡುತ್ತಿದ್ದ ಗಂಡಸರಲ್ಲಿ ಒಬ್ಬ ಅದೇ ಒಲೆಯಿಂದ ಕೊಳ್ಳಿ ಎಳೆದು ಬೀಡಿ ಹಚ್ಚಿ, ಕೊಳ್ಳಿಯನ್ನು ಮತ್ತೆ ಪಾತ್ರೆಯಡಿಗೆ ತುರುಕಿದ. ಇನ್ನೊಬ್ಬ ಬಾಯಲ್ಲಿ ಬೀಡಿ ಕಚ್ಚಿಕೊಂಡೇ ಸೌಟು ತಿರುವುತ್ತಿದ್ದ. ಬೂದಿ ಎಲ್ಲಿ ಬಿತ್ತೋ ಆ ಮಾದಪ್ಪನೇ ಬಲ್ಲ. ಗುಡಿಯ ಸುತ್ತ ಬೀಡಿ ಮೋಟುಗಳು ಕುರಿ ಹಿಕ್ಕೆಯ ಹಾಗೆ ಬಿದ್ದಿದ್ದವು. ಇದೆಲ್ಲ ಮಡಿ. ನಾನು ಮೈಲಿಗೆ. ನನಗೆ ದುಃಖವಾಗಲಿಲ್ಲ, ಹೇಸಿಗೆಯಾಯಿತು.

ನಮ್ಮ ಯಜಮಾನರು ಬೀಡಿ ಎಸೆದು ಎದ್ದು ಬಂದರು. "ನಮ್ಮೋಳು ಮುಟ್ಟಿಲ್ಲ ಕಣಕ್ಕ. ಬೇಕಾದ್ರೆ ಮಾದಪ್ಪನ ಮುಂದೆ ಆಣೆ ಇಡ್ತಳೆ. ಕರ್ಪೂರ ಅಚ್ಚಿ" ಎಂದರು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಆಣೆಯೆಂದರೆ ಸಣ್ಣದಲ್ಲ ನಮ್ಮಲ್ಲಿ. ದೇವರ ಮುಂದೆ ತಟ್ಟೆಯಲ್ಲಿ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಮಾತು ಆಡಬೇಕು. ಸುಳ್ಳಾಡಿದವರ ಮನೆ ಉಳಿಯುವುದಿಲ್ಲವೆಂದು ನಂಬಿಕೆ. ಒಲೆ ಬಿಟ್ಟು ಎಲ್ಲರೂ ಗುಡಿಯ ಮುಂದೆ ಸೇರಿದರು. ಪೂಜೆ ಮಾಡುವ ತಮ್ಮಡಪ್ಪ ಧೂಪದ ಬಟ್ಟಲಿಗೆ ಸಾಂಬ್ರಾಣಿ ಸುರಿದು, ಕರ್ಪೂರ ಹಚ್ಚಿ ತಟ್ಟೆಯನ್ನು ನನ್ನ ಮುಂದೆ ಹಿಡಿದರು.

"ಯೋಳವ್ವ. ಬೀಡಿ ಒಗೆ ನನ್ ಎದೆಗೆ ಓಗಿಲ್ಲ ಅನ್ನು."

ನಾನು ಬಾಯಿ ತೆರೆದೆ. ಸಾಂಬ್ರಾಣಿ ಹೊಗೆ ಒಳಗೆ ನುಗ್ಗಿತು. ಕೆಮ್ಮು ಹತ್ತಿಕೊಂಡಿತು ನೋಡಿ, ನಿಲ್ಲಲೇ ಇಲ್ಲ. ಕಣ್ಣು ಕತ್ತಲಿಟ್ಟಿತು, ಮಂಡಿ ಊರಿದೆ. ಹಿಂದಿನಿಂದ ಒಬ್ಬರ ದನಿ, "ನೋಡ್ರಿ, ಮಾತೇ ಬತ್ತಿಲ್ಲ." ಇನ್ನೊಬ್ಬರು, "ಮಾದಪ್ಪ ಇಡ್ಕಂಡ ಗಂಟ್ಲ." ಅತ್ತಿಗೆ ಕೆನ್ನೆ ಕೆನ್ನೆ ಬಡಿದುಕೊಂಡರು. ಒಬ್ಬರಾದರೂ ನೀರು ತರಲಿಲ್ಲ, ಆ ಧೂಪದ ಬಟ್ಟಲನ್ನು ಆಚೆ ಸರಿಸಲಿಲ್ಲ. ಸಾಯುವವಳನ್ನು ಕಳ್ಳಿಯೆಂದು ನೋಡುತ್ತಾ ನಿಂತಿದ್ದರು. ನಾನು ಯಜಮಾನರ ಮುಖ ಹುಡುಕಿದೆ. ಅವರೂ ನನ್ನನ್ನೇ ನೋಡುತ್ತಿದ್ದರು. ಒಂದು ಕ್ಷಣ, ಒಂದೇ ಒಂದು ಕ್ಷಣ, ಅವರ ಕಣ್ಣಲ್ಲೂ ಅದೇ ಅನುಮಾನ ಇತ್ತು. ಈ ಕಾಯಿಲೆ ನನಗೆ ತೋರಿಸಿದ ಎಲ್ಲ ಅಸಹ್ಯಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಇನ್ಹೇಲರ್ ತೆಗೆದು ಎಳೆದೆ. ಬಟ್ಟಲಿಗೆ ಬೆನ್ನು ಮಾಡಿ ಕೂತೆ. ಉಸಿರು ಸಣ್ಣಗೆ ಬರತೊಡಗಿತು. ಅದು ಪೂರ್ತಿ ಬರುವ ತನಕ ಕಾದೆ. ಅವರೂ ಕಾದರು. ತಮ್ಮಡಪ್ಪ ಇನ್ನೊಂದು ಬಿಲ್ಲೆ ಕರ್ಪೂರ ಹಾಕಿದರು.

"ಬೀಡಿ ಹೊಗೆ ನನ್ನೆದೇಲಿ ಅದೆ ಬುದ್ಧಿ" ಎಂದೆ ತಮ್ಮಡಪ್ಪನಿಗೆ. "ಇಲ್ಲ ಅಂತ ಮಾದಪ್ಪನ ಮುಂದೆ ಸುಳ್ಳಾಡಲ್ಲ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಅತ್ತಿಗೆ, "ಅಂಗಾರೆ ನಾನ್ ಅಂದಿದ್ದೇ ದಿಟ" ಎಂದರು.

"ಇನ್ನೂ ಮುಗಿದಿಲ್ಲ ಅತ್ಗೆ. ಹೊಗೆ ನನ್ನೆದೇಲಿ ಅದೆ, ಆದ್ರೆ ಕಡ್ಡಿ ಗೀರ್ದೋಳು ನಾನಲ್ಲ. ಒಂದು ಬೀಡಿನೂ ನನ್ ತುಟಿಗೆ ಬಂದಿಲ್ಲ. ಗೀರ್ದೋರು ಇಲ್ಲೇ ಅವ್ರೆ. ಕರ್ಪೂರ ಉರೀತಾ ಅದೆ. ಅವ್ರು ಬಂದು ಯೋಳ್ಲಿ" ಎಂದೆ.

ನಾನು ಯಾರ ಹೆಸರನ್ನೂ ಹೇಳಲಿಲ್ಲ. ಆದರೂ ಅಲ್ಲಿದ್ದ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಸೌಟು ತಿರುವುತ್ತಿದ್ದವನು ಬಾಯಲ್ಲಿದ್ದ ಬೀಡಿಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಒಯ್ದ. ಯಾರೂ ಮುಂದೆ ಬರಲಿಲ್ಲ. ಕರ್ಪೂರ ಕರಗಿ ಮುಗಿಯುತ್ತಾ ಬಂದಿತ್ತು.

ನಮ್ಮ ಯಜಮಾನರು ಹಟದ ಮನುಷ್ಯ, ಆದರೆ ಮಾದಪ್ಪನ ಮುಂದೆ ಸುಳ್ಳಾಡುವವರಲ್ಲ. ಡಾಕ್ಟರ ಕೋಣೆಯಿಂದ ಎದ್ದುಹೋದ ಹಾಗೆ ಅಲ್ಲಿಂದ ಎದ್ದುಹೋಗಲು ಅವರಿಗೆ ದಾರಿ ಇರಲಿಲ್ಲ. ಟವೆಲ್ಲು ತೆಗೆದು ಸೊಂಟಕ್ಕೆ ಸುತ್ತಿಕೊಂಡು, ಬಂದು ನನ್ನ ಪಕ್ಕದಲ್ಲಿ ಮಂಡಿಯೂರಿದರು. ಅಂಗೈಯನ್ನು ಕರ್ಪೂರದ ಮೇಲೆ ಒತ್ತಿದರು. ಅದು ಆರಿತು.

"ಗೀರ್ದೋನು ನಾನು" ಎಂದರು.

ದನಿ ಎಷ್ಟು ಸಣ್ಣದಿತ್ತೆಂದರೆ ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸಿತು. ಅತ್ತಿಗೆ ಮುಂದಕ್ಕೆ ಬಾಗಿ, "ಏನಂದ್ಯಲಾ ಶಿವಾ?" ಎಂದರು.

ಅವರು ಸುಟ್ಟ ಅಂಗೈಯನ್ನು ಹಾಗೇ ಹಿಡಿದುಕೊಂಡು ಎದ್ದು ನಿಂತರು. ಅಕ್ಕನ ಕಡೆ, ಒಲೆಯ ಬಳಿಯ ಗಂಡಸರ ಕಡೆ, ಅಷ್ಟೂ ನೆಂಟರ ಕಡೆ ತಿರುಗಿ ಅದೇ ಮಾತನ್ನು ಇನ್ನೊಮ್ಮೆ, ಗಾಡಿಗೆ ಜನ ಕರೆಯುವಷ್ಟು ಗಟ್ಟಿಯಾಗಿ ಹೇಳಿದರು.